ಹರ್ಡಲ್ ಹತ್ರ ಬಂದ ಕೂಡಲೇ ನಿಂತುಬಿಡ್ತಾಳೆ: ಭಯ, ಪ್ರಾಕ್ಟೀಸು, ಓದು ಮೂರನ್ನೂ ಹೇಗೆ ನಿಭಾಯಿಸೋದು?

ಲೇನ್_ಐದು
ಎಲ್ಲರಿಗೂ ನಮಸ್ಕಾರ. ತಂಗಿ ವಿಷಯಕ್ಕೆ ನಿಮ್ಮ ಸಲಹೆ ಬೇಕಿತ್ತು. ಅವಳಿಗೆ 15 ವರ್ಷ, ಒಂಬತ್ತನೇ ಕ್ಲಾಸು, 100 ಮೀಟರ್ ಹರ್ಡಲ್ಸ್ ಓಡ್ತಾಳೆ. ಈ ಸೀಸನ್ ಶುರುವಿನಲ್ಲಿ ಪ್ರಾಕ್ಟೀಸ್ ಮಾಡುವಾಗ ಮೂರನೇ ಹರ್ಡಲ್‌ಗೆ ಹಿಂದಿನ ಕಾಲು ತಗುಲಿ ಜೋರಾಗಿ ಬಿದ್ದಳು. ಮೂಳೆ ಏನೂ ಮುರೀಲಿಲ್ಲ. ಮಂಡಿ, ಅಂಗೈ, ಗದ್ದ ತರಚಿ ಹೋಗಿತ್ತು, ಎಲ್ಲ ವಾಸಿಯಾಗಿದೆ. ಓಡಬಹುದು ಅಂತ ಡಾಕ್ಟರೂ ಹೇಳಿದ್ದಾರೆ.

ಆದರೆ ಈಗ ಬ್ಲಾಕ್‌ನಿಂದ ಚೆನ್ನಾಗೇ ಎದ್ದು ಬರ್ತಾಳೆ, ಮೊದಲನೇ ಹರ್ಡಲ್ ಹತ್ತಿರ ಆಗ್ತಿದ್ದ ಹಾಗೆ ಹೆಜ್ಜೆ ಚಿಕ್ಕದಾಗುತ್ತೆ, ಕೊನೇ ಕ್ಷಣದಲ್ಲಿ ಪಕ್ಕಕ್ಕೆ ಸರಿದು ಓಡಿಬಿಡ್ತಾಳೆ. ಕೆಲವು ಸಲ ಮುಂದೆ ಬಂದು ನಿಂತೇ ಬಿಡ್ತಾಳೆ. ಹರ್ಡಲ್ ತೆಗೆದು ಬರೀ ಓಡಿಸಿದ್ರೆ ಮೊದಲಿಗಿಂತ ವೇಗವಾಗಿ ಓಡ್ತಾಳೆ!

ಇದರ ಜೊತೆಗೆ ಓದು. ಶಾಲೆ, ಅದು ಮುಗಿದ ಮೇಲೆ ಟ್ಯೂಷನ್, ಆಮೇಲೆ ಗ್ರೌಂಡು, ರಾತ್ರಿ ಹೋಂವರ್ಕು. ಮಲಗೋದು ಹನ್ನೊಂದೂವರೆ, ಏಳೋದು ಐದೂವರೆ. ಅಪ್ಪ "ಮುಂದಿನ ವರ್ಷ ಹತ್ತನೇ ಕ್ಲಾಸು, ಈಗಲೇ ಬಿಟ್ಟುಬಿಡಲಿ" ಅಂತಾರೆ. ಅಮ್ಮ "ಹೆದರಿಕೊಂಡು ಬಿಟ್ರೆ ಅದು ಜೀವನ ಪೂರ್ತಿ ಉಳಿಯುತ್ತೆ" ಅಂತಾರೆ. ಅವಳು ಬಾಯಿ ಬಿಡಲ್ಲ. ಆಟ ಆಡಿದವರು, ಕಲಿಸಿದವರು, ಇಂಥ ಮಕ್ಕಳನ್ನ ಬೆಳೆಸಿದವರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.

ಕಡ್ಡಿಮುರಿದಂತೆ
ಬಿಡಿಸಬೇಡಿ. ಆಟಾನೂ ಬೇಡ ಓದೂ ಬೇಡ ಅನ್ನಿಸೋ ವಯಸ್ಸು ಅದು. ಒಂದನ್ನ ಕಿತ್ತುಕೊಂಡ್ರೆ ಇನ್ನೊಂದು ತಾನಾಗೇ ಸರಿಹೋಗಲ್ಲ.

ಹಳೇ_ಗ್ರೌಂಡ್
ನನ್ನ ಮಾತು ಕಹಿ ಅನ್ನಿಸಬಹುದು. ನಮ್ಮ ಕಾಲದಲ್ಲಿ ಬಿದ್ರೆ ಮಾಸ್ತರು "ಏಳು, ಮತ್ತೆ ಓಡು" ಅಂತಿದ್ರು, ಅಷ್ಟೆ. ಅಳೋಕೂ ಪುರುಸೊತ್ತು ಇರ್ತಿರಲಿಲ್ಲ. ಅನಿಲ್ ಕುಂಬ್ಳೆ 2002ರಲ್ಲಿ ಆಂಟಿಗಾದಲ್ಲಿ ದವಡೆ ಮುರಿದಿದ್ರೂ ತಲೆಗೆ ಬ್ಯಾಂಡೇಜ್ ಸುತ್ತಿಕೊಂಡು 14 ಓವರ್ ಹಾಕಿದ್ರು, ಲಾರಾ ವಿಕೆಟ್ ತೆಗೆದ್ರು. ಅದನ್ನ ನೋಡಿ ಬೆಳೆದವರು ನಾವು. ಸ್ವಲ್ಪ ಗಟ್ಟಿಯಾಗಿ ಹೇಳಿದ್ರೆ ಮಕ್ಕಳು ದಾಟ್ತಾರೆ. ಅತಿಯಾಗಿ ಮುದ್ದು ಮಾಡಿದಷ್ಟೂ ಭಯ ಬೆಳೆಯುತ್ತೆ ಅನ್ನೋದು ನನ್ನ ಅನುಭವ.

ಮಳೆಬಿಲ್ಲು
@ಹಳೇ_ಗ್ರೌಂಡ್ ಸರ್, ಕುಂಬ್ಳೆ ಅವರ ಮೇಲೆ ನನಗೂ ಅಷ್ಟೇ ಗೌರವ. ಆದರೆ ಅವರಿಗೆ ಆಗ 31 ವರ್ಷ, ಹನ್ನೆರಡು ವರ್ಷ ಟೆಸ್ಟ್ ಆಡಿದ್ರು, ಇಳಿಯೋ ನಿರ್ಧಾರ ಅವರದೇ. ನೋವು ಸಹಿಸಿಕೊಳ್ಳೋದೇ ಬೇರೆ, ಭಯ ಬೇರೆ. ಈ ಹುಡುಗಿಗೆ ನೋವೇ ಇಲ್ಲ, ಗಾಯ ವಾಸಿಯಾಗಿದೆ ಅಂತ ಅವಳ ಅಕ್ಕನೇ ಬರೆದಿದ್ದಾರೆ. ಬೈದ್ರೆ ಹರ್ಡಲ್ ಭಯದ ಜೊತೆ ಬೈಯೋರ ಭಯಾನೂ ಸೇರಿಕೊಳ್ಳುತ್ತೆ.

ಹಳೇ_ಗ್ರೌಂಡ್
ಬೈಯಿರಿ ಅಂತ ನಾನೆಲ್ಲಿ ಹೇಳಿದೆ? ಗಟ್ಟಿಯಾಗಿ ಹೇಳಿ ಅಂದೆ. ಎರಡಕ್ಕೂ ವ್ಯತ್ಯಾಸ ಇದೆ.

ಜೋಳದರೊಟ್ಟಿ
ನೋಡ್ರಿ ಅಕ್ಕಾರ, ಅಪ್ಪ ಹಿಂಗಂತಾರ, ಅವ್ವ ಹಂಗಂತಾರ ಅಂತ ಬರದೀರಿ. ಆಕಿ ಏನಂತಾಳ ಅನ್ನೋದು ಎಲ್ಲೂ ಇಲ್ಲ. ಬಾಯಿ ಬಿಡಂಗಿಲ್ಲ ಅಂದ್ರ ಎಲ್ಲಾರ ಮುಂದ ಕೇಳಿರಬೇಕು. ಒಬ್ಬಾಕೀನ ಕರಕೊಂಡು ಅಡ್ಡಾಡ್ಕೋತ ಹೋಗ್ರಿ, ಮಾರಿ ನೋಡಿ ಕೇಳಬ್ಯಾಡ್ರಿ. "ಹೆದರಿಕಿ ಯಾಕ?" ಅನ್ನಬ್ಯಾಡ್ರಿ. "ಅವತ್ತು ಏನಾತು?" ಅಂತಷ್ಟ ಕೇಳ್ರಿ.

ಮೂರು_ಹೆಜ್ಜೆ
ನಾನು ಮಕ್ಕಳಿಗೆ ಹರ್ಡಲ್ಸ್ ಹೇಳಿಕೊಡ್ತೀನಿ. ಮನಸ್ಸಿನ ವಿಷಯಕ್ಕೆ ಹೋಗೋ ಮೊದಲು ಸಾಮಾನಿನ ಬಗ್ಗೆ ಎರಡು ಪ್ರಶ್ನೆ.

ಒಂದು, ಅವತ್ತು ಕಾಲು ತಗುಲಿದ ಹರ್ಡಲ್ ಕೆಳಗೆ ಬಿತ್ತಾ, ನಿಂತೇ ಇತ್ತಾ? ಎರಡು, ಪ್ರಾಕ್ಟೀಸ್ ಮಾಡೋ ಗ್ರೌಂಡ್‌ನಲ್ಲಿ ಹರ್ಡಲ್ ಎತ್ತರ ಬದಲಾಯಿಸಿದಾಗ ಕೆಳಗಿನ ಪಾದದಲ್ಲಿರೋ ತೂಕದ ಗಟ್ಟಿಗಳನ್ನೂ ಸರಿಸ್ತಾರಾ?

ಯಾಕೆ ಕೇಳ್ತಿದ್ದೀನಿ ಅಂದ್ರೆ, ಹರ್ಡಲ್ ಅನ್ನೋದು ತಗುಲಿದ್ರೆ ಬೀಳಲಿ ಅಂತಲೇ ಮಾಡಿರೋ ವಸ್ತು. ಮೇಲಿನ ಪಟ್ಟಿಯ ನಡುವೆ 3.6ರಿಂದ 4 ಕಿಲೋ ಬಲ ಬಿದ್ರೆ ಅದು ಉರುಳಬೇಕು ಅಂತ ಅಂತರರಾಷ್ಟ್ರೀಯ ನಿಯಮವೇ ಇದೆ. ಅದಕ್ಕೇ ಪಾದದಲ್ಲಿ ಸರಿಸೋ ತೂಕ ಇಟ್ಟಿರೋದು. ಪ್ರತಿ ಎತ್ತರಕ್ಕೂ ಅದರ ಜಾಗ ಬೇರೆ. ಗಂಡಸರ 110 ಮೀಟರ್ ಓಟಕ್ಕೆ 106.7 ಸೆಂ.ಮೀ., ಹೆಂಗಸರ 100 ಮೀಟರ್‌ಗೆ 83.8, 18ರ ಒಳಗಿನ ಹುಡುಗಿಯರಿಗೆ 76.2. ಎಷ್ಟೋ ಕಡೆ ಪಟ್ಟಿಯನ್ನ ಕೆಳಗಿಳಿಸ್ತಾರೆ, ತೂಕವನ್ನ ಮುಟ್ಟೋದೇ ಇಲ್ಲ. ಆಗ ಅದು ಸುಲಭಕ್ಕೆ ಉರುಳಲ್ಲ.

ಇನ್ನೊಂದು, ಹರ್ಡಲ್‌ನ ಪಾದಗಳು ಓಡಿ ಬರೋರ ಕಡೆಗೆ ಇರಬೇಕು. ತಿರುಗಿಸಿ ಇಟ್ರೆ ಅದು ಮುಂದಕ್ಕೆ ಬೀಳೋದೇ ಇಲ್ಲ. ಒಂದು ಕಡೆಯಿಂದ ಓಡಿ, ವಾಪಸ್ ಬರುವಾಗ ಅದೇ ಹರ್ಡಲ್ ಮೇಲೆ ಹಾರಿಕೊಂಡು ಬರೋ ಮಕ್ಕಳನ್ನ ನೋಡಿದಾಗೆಲ್ಲ ನನ್ನ ಎದೆ ಝಲ್ಲೆನ್ನುತ್ತೆ. ದಯವಿಟ್ಟು ಯಾರೂ ಹಾಗೆ ಬಿಡಬೇಡಿ.

ಕೊನೇಬೆಂಚು
ಹರ್ಡಲ್ ಬೀಳಿಸಿದ್ರೆ ಔಟ್ ಅಲ್ವಾ?

ಮೂರು_ಹೆಜ್ಜೆ
ಅಲ್ಲ. ತುಂಬ ಜನ ಹಾಗೇ ತಿಳಿದಿದ್ದಾರೆ, ಮಕ್ಕಳೂ ಸಹ. ಹತ್ತಕ್ಕೆ ಹತ್ತೂ ಬಿದ್ರೂ ಓಟ ಲೆಕ್ಕಕ್ಕೆ ಬರುತ್ತೆ, ಸಮಯ ಹಾಳಾಗುತ್ತೆ ಅಷ್ಟೆ. ಬೇಕಂತಲೇ ಬೀಳಿಸಿದ್ರೆ, ಕಾಲನ್ನ ಹರ್ಡಲ್ ಪಕ್ಕದಿಂದ ಪಟ್ಟಿಗಿಂತ ಕೆಳಗೆ ತಂದ್ರೆ, ಬೇರೆಯವರ ಲೇನ್‌ಗೆ ಅಡ್ಡಿ ಮಾಡಿದ್ರೆ ಅನರ್ಹ. ಈ ಒಂದು ವಿಷಯ ಗೊತ್ತಾದ್ರೇ ಎಷ್ಟೋ ಮಕ್ಕಳ ಬಿಗಿತ ಕಡಿಮೆಯಾಗುತ್ತೆ.

ಗಣಿತದ_ಮೇಷ್ಟ್ರು
@ಮೂರು_ಹೆಜ್ಜೆ ಬಹಳ ಒಳ್ಳೆ ವಿಷಯ ಎತ್ತಿದ್ರಿ. ಇದು ಶುದ್ಧ ತಿರುಗುಬಲದ ಲೆಕ್ಕ. ಉರುಳಿಸೋಕೆ ಬೇಕಾದ ಬಲವನ್ನ ಎತ್ತರದಿಂದ ಗುಣಿಸಿದ್ರೆ ಬರೋದು ಪಾದದ ತೂಕ ಹಿಡಿದುಕೊಳ್ಳೋ ತಿರುಗುಬಲಕ್ಕೆ ಸಮ. ತೂಕ ಸರಿಸದೆ ಪಟ್ಟಿಯನ್ನ ಮಾತ್ರ ಇಳಿಸಿದ್ರೆ ಆ ತಿರುಗುಬಲ ಹಾಗೇ ಇರುತ್ತೆ, ಎತ್ತರ ಕಡಿಮೆಯಾಗುತ್ತೆ, ಅಂದ್ರೆ ಬಲ ಜಾಸ್ತಿ ಬೇಕು. 106.7ಕ್ಕೆ ಹೊಂದಿಸಿದ ತೂಕ ಇಟ್ಟುಕೊಂಡು 76.2ಕ್ಕೆ ಇಳಿಸಿದ್ರೆ 106.7 ಭಾಗಿಸು 76.2, ಸರಿಸುಮಾರು 1.4 ಪಟ್ಟು. 3.6 ಇದ್ದದ್ದು 5 ದಾಟುತ್ತೆ, 4 ಇದ್ದದ್ದು 5.6 ಆಗುತ್ತೆ. ವೇಗವಾಗಿ ಬರ್ತಿರೋ ಮಂಡಿಗೆ ಇದು ಸಣ್ಣ ವ್ಯತ್ಯಾಸ ಅಲ್ಲ.

ಈ ಲೆಕ್ಕವನ್ನ ಹುಡುಗಿ ಕೈಲೇ ಮಾಡಿಸಿ. ಒಂಬತ್ತನೇ ಕ್ಲಾಸಿನ ಮಗುವಿಗೆ ಖಂಡಿತ ಬರುತ್ತೆ.

ಅಳತೆಗೋಲು
ಮೇಷ್ಟ್ರೇ, ಕಿಲೋ ಬಲದ ಮಾನ ಅಲ್ಲ, ದ್ರವ್ಯರಾಶಿಯದು. ಬಲ ನ್ಯೂಟನ್‌ನಲ್ಲಿ ಹೇಳಬೇಕು.

ಗಣಿತದ_ಮೇಷ್ಟ್ರು
ಸರಿ, ಸುಮಾರು 35ರಿಂದ 39 ನ್ಯೂಟನ್. ನಿಯಮ ಪುಸ್ತಕ "ಇಷ್ಟು ಕಿಲೋ ತೂಕಕ್ಕೆ ಸಮನಾದ ಬಲ" ಅನ್ನೋ ಅರ್ಥದಲ್ಲಿ ಕೊಡುತ್ತೆ, ಗ್ರೌಂಡ್‌ನಲ್ಲಿ ಎಲ್ಲರೂ ಕಿಲೋ ಅಂತಲೇ ಹೇಳೋದು. ಅನುಪಾತ 1.4 ಅಂತೂ ಬದಲಾಗಲ್ಲ.

ಅಳತೆಗೋಲು
ಅನುಪಾತದ ಬಗ್ಗೆ ತಕರಾರಿಲ್ಲ. ಪರೀಕ್ಷೆಯಲ್ಲಿ ಮಾತ್ರ ಮಗು ಕಿಲೋ ಅಂತ ಬರೆಯದಿರಲಿ, ಅಂಕ ಹೋಗುತ್ತೆ.

ಬೆಳದಿಂಗಳು
ವಿಷಯಕ್ಕೆ ಬನ್ನಿ ದಯವಿಟ್ಟು. ಅಕ್ಕ ಉತ್ತರ ಕಾಯ್ತಿದ್ದಾರೆ.

ಕೋಲುಜಿಗಿತ
ನನಗೆ 16, ಪೋಲ್ ವಾಲ್ಟ್ ಮಾಡ್ತೀನಿ. ನಿಮ್ಮ ತಂಗಿಗೆ ಆಗ್ತಿರೋದು ನನಗೂ ಆಗಿತ್ತು. ಪೂರ್ತಿ ವೇಗದಲ್ಲಿ ಓಡಿ ಬಂದು ಕೋಲು ಊರೋ ಜಾಗದಲ್ಲಿ ಊರದೇ ಮ್ಯಾಟ್ ಮೇಲೆ ಓಡಿಕೊಂಡು ಹೋಗಿಬಿಡ್ತಿದ್ದೆ. ಹೊರಗಿಂದ ನೋಡಿದೋರಿಗೆ "ಇವನಿಗೆ ಮನಸ್ಸಿಲ್ಲ" ಅನ್ನಿಸ್ತಿತ್ತು. ಒಳಗೆ ಹೇಗಿರುತ್ತೆ ಅಂದ್ರೆ, ಹಾರಬೇಕು ಅಂತ ನಾನು ನಿಜವಾಗ್ಲೂ ನಿರ್ಧಾರ ಮಾಡಿಕೊಂಡೇ ಓಡಿರ್ತೀನಿ, ಕೊನೇ ಎರಡು ಹೆಜ್ಜೆಯಲ್ಲಿ ಕೈ ನನ್ನ ಮಾತು ಕೇಳಲ್ಲ. ಅದಾದ ಮೇಲೆ ಎಲ್ಲರೂ "ಪರವಾಗಿಲ್ಲ, ಇನ್ನೊಂದ್ಸಲ" ಅಂತ ಕಾಯ್ಕೊಂಡು ನಿಂತಿರ್ತಾರಲ್ಲ, ಅದು ಬೈಗುಳಕ್ಕಿಂತ ಕಷ್ಟ. ನನಗೆ ಸಹಾಯ ಆಗಿದ್ದು ಓಟ ಕಡಿಮೆ ಮಾಡಿದ್ದು. ಆರೇ ಹೆಜ್ಜೆ, ಮೃದುವಾದ ಕೋಲು, ಅಡ್ಡಪಟ್ಟಿ ಇಲ್ಲ. ನೋಡೋಕೆ ಯಾರೂ ಇರಬಾರದು ಅಂತ ಕೇಳಿಕೊಂಡೆ, ಕೋಚ್ ಒಪ್ಪಿದ್ರು.

ಓದಿನ ಬಗ್ಗೆ: ನನಗೂ ನಿದ್ದೆ ಕಡಿಮೆ ಇದ್ದ ದಿನಾನೇ ಜಾಸ್ತಿ ಹಾಗಾಗ್ತಿತ್ತು. ಅವಳು ಐದೂವರೆಗೆ ಏಳ್ತಾಳೆ ಅಂತ ಓದಿದಾಗ ಬೇಜಾರಾಯ್ತು.

ಲೇನ್_ಐದು
@ಕೋಲುಜಿಗಿತ ತಮ್ಮಾ, ನೀನು ಬರೆದಿದ್ದನ್ನ ಅವಳಿಗೆ ಓದಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಕೈ ಮಾತು ಕೇಳಲ್ಲ ಅಂದಿದಾನಲ್ಲ, ಹಾಗೇ" ಅಂದಳು. ತುಂಬಾ ಥ್ಯಾಂಕ್ಸ್.

@ಮೂರು_ಹೆಜ್ಜೆ @ಜೋಳದರೊಟ್ಟಿ ನೀವು ಹೇಳಿದ ಹಾಗೆ ನಡೀತಾ ಕೇಳಿದೆ. ಅವಳು ಹೇಳಿದ್ದು ಇಷ್ಟು: "ನಾನು ಬಿದ್ದಿದ್ದು ಅದಕ್ಕಲ್ಲ. ಮೊದಲೂ ಎಷ್ಟೋ ಸಲ ಬಿದ್ದಿದ್ದೀನಿ. ಅವತ್ತು ಅದು ಅಲ್ಲಾಡಲೇ ಇಲ್ಲ. ಗೋಡೆಗೆ ಮಂಡಿ ಕೊಟ್ಟ ಹಾಗಾಯ್ತು. ಈಗ ಯಾವ ಹರ್ಡಲ್ ಬೀಳುತ್ತೆ ಯಾವುದು ಬೀಳಲ್ಲ ಅಂತ ನನಗೆ ಹೇಗೆ ಗೊತ್ತಾಗಬೇಕು?" ನಮ್ಮ ಮನೇಲಿ ಯಾರಿಗೂ ಇದು ಹೊಳೆದಿರಲಿಲ್ಲ. ಗ್ರೌಂಡ್‌ನಲ್ಲಿ ಕೇಳಿ ನೋಡ್ತೀನಿ.

ಮಳೆಬಿಲ್ಲು
ಎಷ್ಟು ಸರಿಯಾಗಿ ಕೇಳಿದಾಳೆ ಹುಡುಗಿ! ಇದನ್ನ ಹೇಡಿತನ ಅಂತ ಯಾರೂ ಅನ್ನಬಾರದು.

ಹಳೇ_ಗ್ರೌಂಡ್
ಒಪ್ಪಿದೆ. ಸಾಮಾನು ಸರಿ ಇಲ್ಲದಿದ್ರೆ ಯಾವ ಗಟ್ಟಿ ಮಾತೂ ಕೆಲಸ ಮಾಡಲ್ಲ. ಅದನ್ನ ಮೊದಲು ನೋಡಿ.

ಮೂರು_ಹೆಜ್ಜೆ
ಅವಳ ಪ್ರಶ್ನೆಗೆ ಉತ್ತರ ಇದೆ. ಸಾಮಾನು ತೂಗೋ ಸ್ಪ್ರಿಂಗ್ ತಕ್ಕಡಿ ತಗೊಳ್ಳಿ, ಕೊಕ್ಕೆಯನ್ನ ಮೇಲಿನ ಪಟ್ಟಿಯ ಸರಿ ಮಧ್ಯಕ್ಕೆ ಸಿಗಿಸಿ, ಓಡೋ ದಿಕ್ಕಿಗೆ ನೆಲಕ್ಕೆ ಸಮಾನಾಂತರವಾಗಿ ನಿಧಾನಕ್ಕೆ ಎಳೀರಿ. ಉರುಳೋ ಹೊತ್ತಿಗೆ ಮುಳ್ಳು 4 ದಾಟಿದ್ರೆ ತೂಕವನ್ನ ಕಂಬದ ಕಡೆಗೆ ಸರಿಸಿ. ಇದನ್ನ ಅವಳೇ ಮಾಡಲಿ, ಪ್ರತಿ ಹರ್ಡಲ್‌ಗೂ. ಅವಳ ಕಣ್ಣೆದುರಿಗೇ ಅವು ಒಂದೊಂದಾಗಿ ಬೀಳಲಿ.

ಆಮೇಲೆ ಹಿಂದಿರುಗೋ ದಾರಿ. ನಾನು ಮಾಡಿಸೋದು ಹೀಗೆ. ಮೊದಲು ಓಟ ಇಲ್ಲ. ಹರ್ಡಲ್ ಪಕ್ಕದಲ್ಲಿ ನಡೀತಾ ಹಿಂದಿನ ಕಾಲನ್ನ ಮಾತ್ರ ಪಟ್ಟಿ ಮೇಲಿಂದ ದಾಟಿಸೋದು, ಮಂಡಿ ಕಂಕುಳ ಕಡೆಗೆ ಬರಬೇಕು. ಅವಳಿಗೆ ತಗುಲಿದ್ದು ಅದೇ ಕಾಲು, ಹಾಗಾಗಿ ಇದಕ್ಕೆ ಸಮಯ ಕೊಡಿ. ಆಮೇಲೆ ಹರ್ಡಲ್ ಜಾಗದಲ್ಲಿ ನೆಲದ ಮೇಲೆ ಗೆರೆ, ಪೂರ್ತಿ ವೇಗ. ಲಯ ಬರಬೇಕು: ಮೊದಲನೆಯದಕ್ಕೆ ಎಂಟು ಹೆಜ್ಜೆ, ಮಧ್ಯೆ ಮೂರು ಮೂರು. ಆಮೇಲೆ ಸ್ಪಂಜಿನ ಚಿಕ್ಕ ತಡೆ. ಅದಾದ ಮೇಲೆ ನಿಜವಾದ ಹರ್ಡಲ್, ಅದೂ ಒಂದೇ ಒಂದು, ಅತಿ ಕಡಿಮೆ ಎತ್ತರದಲ್ಲಿ. ಎರಡನೆಯದು ಸೇರಿಸಿದಾಗ ಅಂತರವನ್ನ ಸ್ಪರ್ಧೆಯ 8.5 ಮೀಟರ್‌ಗಿಂತ ಒಂದು ಮೀಟರ್ ಕಡಿಮೆ ಇಡಿ. ಭಯ ಇದ್ದಾಗ ಹೆಜ್ಜೆ ಕುಗ್ಗುತ್ತೆ, ಕುಗ್ಗಿದಾಗ ಹರ್ಡಲ್‌ನಿಂದ ತುಂಬಾ ದೂರದಲ್ಲೇ ಹಾರಬೇಕಾಗುತ್ತೆ, ದೂರದಿಂದ ಹಾರಿದ್ರೆ ಇಳಿಯುವಾಗ ತಗುಲುತ್ತೆ. ಭಯವೇ ತಾನು ಸರಿ ಅಂತ ಸಾಬೀತು ಮಾಡಿಕೊಳ್ಳೋ ದಾರಿ ಅದು. ಅಂತರ ಕಡಿಮೆ ಮಾಡಿ ಆ ದಾರಿ ಮುಚ್ಚಬೇಕು.

ಎತ್ತರ ಯಾವಾಗ ಏರಿಸಬೇಕು ಅಂತ ಅವಳೇ ಹೇಳಲಿ. ಚೆನ್ನಾಗಿ ದಾಟಿದ ಮೇಲೆ ಅವತ್ತಿಗೆ ನಿಲ್ಲಿಸಿ, "ಇನ್ನೊಂದು" ಬೇಡ.

ಮನದಮಾತು
ನಾನು ಮಕ್ಕಳ ಆಪ್ತಸಮಾಲೋಚನೆ ಮಾಡ್ತೀನಿ. @ಮೂರು_ಹೆಜ್ಜೆ ಹೇಳಿದ ಮೆಟ್ಟಿಲು ಕ್ರಮಕ್ಕೆ ನಮ್ಮಲ್ಲೂ ಹಳೇ ಇತಿಹಾಸ ಇದೆ. ಜೋಸೆಫ್ ವೋಲ್ಪಿ ಅನ್ನೋ ಮನೋವೈದ್ಯರು 1950ರ ದಶಕದಲ್ಲೇ ಭಯದ ವಸ್ತುವಿಗೆ ಹಂತ ಹಂತವಾಗಿ ಹತ್ತಿರ ಹೋಗೋ ಚಿಕಿತ್ಸೆ ರೂಪಿಸಿದ್ರು. ಇದರಲ್ಲಿ ತಿಳಿದಿರಬೇಕಾದ್ದು, ತಪ್ಪಿಸಿಕೊಂಡಾಗ ಸಿಗೋ ನಿರಾಳತೆಯೇ ಭಯಕ್ಕೆ ಗೊಬ್ಬರ. ಪಕ್ಕಕ್ಕೆ ಸರಿದ ಕ್ಷಣ ಮೈಗೆ ಹಾಯೆನ್ನಿಸುತ್ತಲ್ಲ, ಅದನ್ನ ಮಿದುಳು ಬಹುಮಾನ ಅಂತ ತಿಳಿಯುತ್ತೆ. ಹಾಗಾಗಿ ಅವಳು ಖಂಡಿತ ದಾಟಬಲ್ಲ ಎತ್ತರದಿಂದಲೇ ಶುರು ಮಾಡಬೇಕು, ಸರಿಯೋ ಅವಕಾಶವೇ ಬರಬಾರದು.

"ಸಮಾಧಾನವಾಗಿರು" ಅಂತ ಪದೇ ಪದೇ ಹೇಳಬೇಡಿ. ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಹಾಡು, ಭಾಷಣ, ಗಣಿತ ಪರೀಕ್ಷೆ ಈ ಮೂರರಲ್ಲೂ "ನನಗೆ ಉತ್ಸಾಹವಾಗಿದೆ" ಅಂತ ಹೇಳಿಕೊಂಡವರೇ ಮುಂದಿದ್ರು. ಎದೆ ಹೊಡೆದುಕೊಳ್ಳೋದನ್ನ ನಿಲ್ಲಿಸೋದು ಕಷ್ಟ, ಅದನ್ನ ಓಟಕ್ಕೆ ಮೈ ಸಜ್ಜಾಗ್ತಿದೆ ಅಂತ ತಿಳಿಯೋದು ಸುಲಭ.

ಒಂದು ಎಚ್ಚರಿಕೆ. ಗ್ರೌಂಡಿಗೆ ಹೊರಡೋ ಮೊದಲು ವಾಂತಿ, ರಾತ್ರಿ ಬೆಚ್ಚಿ ಏಳೋದು, ಊಟ ಬಿಡೋದು, ಶಾಲೆಯಲ್ಲೂ ಮಂಕಾಗೋದು ಇವೆಲ್ಲ ಇದ್ರೆ ಇಲ್ಲಿ ಕೇಳ್ತಾ ಕೂರಬೇಡಿ, ನೇರವಾಗಿ ಒಬ್ಬ ಮನಶ್ಶಾಸ್ತ್ರಜ್ಞರನ್ನ ನೋಡಿ.

ಲೇನ್_ಐದು
@ಮನದಮಾತು ಮೇಡಂ, ಅಷ್ಟೆಲ್ಲ ಇಲ್ಲ. ಊಟ ಸರಿಯಾಗಿದೆ, ಗೆಳತಿಯರ ಜೊತೆ ಚೆನ್ನಾಗಿದ್ದಾಳೆ. ನಿದ್ದೆ ಮಾತ್ರ ಕಡಿಮೆ.

ಕಡಲತಡಿ
ಆ ನಿದ್ದೆ ವಿಷಯವೇ ದೊಡ್ಡದು ಮಾರಾಯ್ರೇ! ರಾತ್ರಿ ಹನ್ನೊಂದೂವರೆಯಿಂದ ಐದೂವರೆ ಅಂದ್ರೆ ಆರು ಗಂಟೆ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2016ರಲ್ಲೇ ಹೇಳಿದ್ದುಂಟು. ದಿನಾ ಎರಡು ಗಂಟೆ ಸಾಲ ಮಾಡಿಕೊಂಡು ಹರ್ಡಲ್ ಹಾರ್ಲಿಕ್ಕೆ ಹೋದ್ರೆ ಯಾರಿಗಾದ್ರೂ ಹೆದರಿಕೆ ಆಗ್ತದೆ. ಓದಿದ್ದು ತಲೆಯಲ್ಲಿ ಕೂರ್ಲಿಕ್ಕೂ ಆ ನಿದ್ದೆಯೇ ಬೇಕು, ಕಲಿತ ಹೆಜ್ಜೆ ಮೈಗೆ ಹತ್ತಲಿಕ್ಕೂ ಅದೇ ಬೇಕು. ಆಟ ಬಿಡಬೇಕಾ ಓದು ಬಿಡಬೇಕಾ ಅಂತ ಜಗಳ ಮಾಡುವ ಮೊದಲು ಟ್ಯೂಷನ್ ಎಷ್ಟು ಬೇಕು ನೋಡಿ.

ದಿನಚರಿ
ಟ್ಯೂಷನ್ ಆದ ಮೇಲೆ ಗ್ರೌಂಡು ಅಂದ್ರೆ ದಿನದ ಅತಿ ಕಷ್ಟದ ಕೆಲಸವನ್ನ ಅತಿ ದಣಿದಿರೋ ಹೊತ್ತಲ್ಲಿ ಮಾಡಿಸ್ತಿದ್ದೀರ. ಹರ್ಡಲ್ ಕೆಲಸ ವಾರದಲ್ಲಿ ಎರಡೇ ದಿನ ಸಾಕು, ಟ್ಯೂಷನ್ ಇಲ್ಲದ ದಿನ. ಉಳಿದ ದಿನ ಬರೀ ಓಟ, ಸ್ಟ್ರೆಂತ್, ಬೇಗ ಮನೆಗೆ. ನಮ್ಮ ಮಗನಿಗೆ ಈಜಿನಲ್ಲಿ ಹೀಗೇ ಮಾಡಿದ್ವಿ, ಅಂಕವೂ ಇಳೀಲಿಲ್ಲ.

ಅಪ್ಪನಾಗಿ
ಬೇರೆ ಮಾತು ಹೇಳ್ತೀನಿ, ಎಲ್ಲರೂ ಒಂದೇ ಕಡೆ ವಾಲಿದ್ದೀರಿ ಅನ್ನಿಸ್ತಿದೆ. ನನ್ನ ಮಗ ಜಿಮ್ನಾಸ್ಟಿಕ್ಸ್ ಮಾಡ್ತಿದ್ದ. ಹದಿನಾಲ್ಕನೇ ವಯಸ್ಸಲ್ಲಿ ಬಿಡ್ತೀನಿ ಅಂದ, ಬಿಡಿಸಿದ್ವಿ. ಈಗ ಸುಖವಾಗಿದ್ದಾನೆ, ಸಂಜೆ ಗೆಳೆಯರ ಜೊತೆ ಬ್ಯಾಡ್ಮಿಂಟನ್ ಆಡ್ತಾನೆ. ಜೀವನ ಪೂರ್ತಿ ಭಯ ಉಳಿಯುತ್ತೆ ಅನ್ನೋ ಅಮ್ಮಂದಿರ ಮಾತು ಅವನ ವಿಷಯದಲ್ಲಿ ನಿಜವಾಗಲಿಲ್ಲ. ಬಿಡೋದೂ ಒಂದು ಗೌರವದ ದಾರಿಯೇ. ಆ ಅಪ್ಪನನ್ನ ಯಾರೂ ಖಳನಾಯಕ ಮಾಡಬೇಡಿ. ಮಗಳು ಬಿದ್ದಿದ್ದನ್ನ ನೋಡಿದ ಮೇಲೆ ಅವರಿಗೂ ನಿದ್ದೆ ಬಂದಿರಲ್ಲ.

ಮಳೆಬಿಲ್ಲು
@ಅಪ್ಪನಾಗಿ ಸರ್, ನಿಮ್ಮ ಮಗ ತಾನೇ ಬಿಡ್ತೀನಿ ಅಂದ. ವ್ಯತ್ಯಾಸ ಅಲ್ಲೇ ಇರೋದು. ಈ ಹುಡುಗಿ ಬಿಡ್ತೀನಿ ಅಂದಿಲ್ಲ, ದಿನಾ ಗ್ರೌಂಡಿಗೆ ಹೋಗಿ ಅದರ ಮುಂದೆ ನಿಲ್ತಿದ್ದಾಳೆ.

ಅಪ್ಪನಾಗಿ
ಅದು ಸರಿ. ಹಾಗಿದ್ರೆ ಅವಳಿಗೆ ಅವಕಾಶ ಕೊಡಲಿ. ಬಾಗಿಲು ಎರಡೂ ಕಡೆ ತೆರೆದಿರಲಿ ಅಂತಷ್ಟೇ ನನ್ನ ಕಳಕಳಿ.

ಸ್ಕೋರ್‌ಬೋರ್ಡ್
ದೊಡ್ಡ ಮಟ್ಟಕ್ಕೆ ಹೋಗೋರು ಓದನ್ನೇ ಬದಿಗಿಡ್ತಾರೆ ಕಣ್ರೀ. ಗುಕೇಶ್ ನಾಲ್ಕನೇ ಕ್ಲಾಸಿನ ನಂತರ ಪೂರ್ಣಾವಧಿ ಶಾಲೆ ಬಿಟ್ಟು 2024ರಲ್ಲಿ 18ನೇ ವಯಸ್ಸಿಗೇ ಚೆಸ್ ವಿಶ್ವ ಚಾಂಪಿಯನ್ ಆದ್ರು. ಎರಡು ದೋಣಿ ಮೇಲೆ ಕಾಲಿಟ್ಟರೆ ಎರಡೂ ಇಲ್ಲ.

ಗಣಿತದ_ಮೇಷ್ಟ್ರು
ಅದಕ್ಕೆ ಎದುರು ಉದಾಹರಣೆಗಳೂ ಬೇಕಾದಷ್ಟಿವೆ. ಕುಂಬ್ಳೆ, ಶ್ರೀನಾಥ್ ಇಬ್ಬರೂ ಎಂಜಿನಿಯರಿಂಗ್ ಪದವೀಧರರು. ರೋಜರ್ ಬ್ಯಾನಿಸ್ಟರ್ 1954ರಲ್ಲಿ ನಾಲ್ಕು ನಿಮಿಷದೊಳಗೆ ಮೈಲಿ ಓಡಿದ ಮೊದಲಿಗರಾದಾಗ ವೈದ್ಯಕೀಯ ವಿದ್ಯಾರ್ಥಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಚಿನ್ನ ಗೆದ್ದ ಗ್ಯಾಬಿ ಥಾಮಸ್ ಹಾರ್ವರ್ಡ್‌ನಲ್ಲಿ ನರಜೀವಶಾಸ್ತ್ರ ಓದಿದವರು. ಹರ್ಡಲ್ಸ್‌ನಲ್ಲೇ ನೋಡಿದ್ರೆ ಸಿಡ್ನಿ ಮೆಕ್‌ಲಾಫ್ಲಿನ್ 2016ರ ರಿಯೋ ಒಲಿಂಪಿಕ್ಸ್‌ಗೆ ಆಯ್ಕೆಯಾದಾಗ ಇನ್ನೂ ಹೈಸ್ಕೂಲ್ ಹುಡುಗಿ, ವಯಸ್ಸು 16. ಮುಂದೆ 400 ಮೀಟರ್ ಹರ್ಡಲ್ಸ್‌ನಲ್ಲಿ ಟೋಕಿಯೊ, ಪ್ಯಾರಿಸ್ ಎರಡರಲ್ಲೂ ವಿಶ್ವದಾಖಲೆಯೊಂದಿಗೆ ಚಿನ್ನ.

ಸ್ಕೋರ್‌ಬೋರ್ಡ್
ಅವರೆಲ್ಲ ಅಪರೂಪದವರು.

ಗಣಿತದ_ಮೇಷ್ಟ್ರು
ಗುಕೇಶ್ ಅಪರೂಪ ಅಲ್ವಾ?

ಜೋಳದರೊಟ್ಟಿ
ಇಬ್ಬರೂ ಸ್ವಲ್ಪ ನಿಲ್ರಿ. ಆಕಿಗೆ ವಿಶ್ವದಾಖಲಿ ಬ್ಯಾಡ ಈಗ, ಮೊದಲನೇ ಹರ್ಡಲ್ ದಾಟಬೇಕಾಗೈತಿ.

ನೀಲಿಮ್ಯಾಟ್
ಬಿಡೋದು, ನಿಲ್ಲಿಸೋದರ ಮಾತು ಬಂತಲ್ಲ. ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಟೋಕಿಯೊದಲ್ಲಿ ಗಾಳಿಯಲ್ಲಿ ದಿಕ್ಕು ತಪ್ಪುತ್ತಿದೆ ಅಂತ ತಂಡದ ಫೈನಲ್‌ನಿಂದ ಹಿಂದೆ ಸರಿದಾಗ ಎಷ್ಟೋ ಜನ ಹೇಡಿ ಅಂದ್ರು. ಆಕೆ ಅದೇ ಕೂಟದಲ್ಲಿ ವಾಪಸ್ ಬಂದು ಬೀಮ್‌ನಲ್ಲಿ ಕಂಚು ಗೆದ್ರು, ಪ್ಯಾರಿಸ್‌ನಲ್ಲಿ ಮೂರು ಚಿನ್ನ, ಒಂದು ಬೆಳ್ಳಿ. ಡೈವಿಂಗ್‌ನ ಗ್ರೆಗ್ ಲೊಗಾನಿಸ್ 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ಸ್ಪ್ರಿಂಗ್‌ಬೋರ್ಡ್‌ಗೆ ತಲೆ ಬಡಿದುಕೊಂಡು ಹೊಲಿಗೆ ಹಾಕಿಸಿಕೊಂಡು ಬಂದು ಅದೇ ಬೋರ್ಡ್‌ನಿಂದ ಚಿನ್ನ ಗೆದ್ರು. ಒಬ್ಬರು ನಿಲ್ಲಿಸಿದ್ದು ಸರಿ, ಇನ್ನೊಬ್ಬರು ಮುಂದುವರಿದದ್ದೂ ಸರಿ. ಎರಡರಲ್ಲೂ ನಿರ್ಧಾರ ಮಾಡಿದ್ದು ಆಟಗಾರರೇ.

ಮೂರು_ಹೆಜ್ಜೆ
ನಮ್ಮ ಆಟದಲ್ಲೇ ಲಿಯು ಶಿಯಾಂಗ್ ಇದ್ದಾರಲ್ಲ. 2004ರ ಅಥೆನ್ಸ್ ಚಿನ್ನ ಗೆದ್ದವರು 2012ರ ಲಂಡನ್‌ನಲ್ಲಿ ಮೊದಲನೇ ಹರ್ಡಲ್‌ಗೇ ತಗುಲಿ ಬಿದ್ರು. ಜಗತ್ತಿನ ಅತ್ಯುತ್ತಮರಿಗೂ ಮೊದಲನೇ ಹರ್ಡಲ್ ಅಷ್ಟೇ ಗಂಭೀರ ವಿಷಯ. ಅವಳಿಗೆ ಇದನ್ನ ಹೇಳಿ.

ಬೆಳದಿಂಗಳು
ಓದಿನ ಕಡೆಗೆ ಒಂದು ಮಾತು. ಗ್ರೌಂಡಿಗೆ ಹೋಗೋ ಮಕ್ಕಳಿಗೆ ಎರಡು ಗಂಟೆ ಒಟ್ಟಿಗೆ ಕೂರೋಕೆ ಸಿಗಲ್ಲ, ಹಾಗಾಗಿ ಪಾಠ ಪದೇ ಪದೇ ಓದೋದು ಬಿಟ್ಟು ಪುಸ್ತಕ ಮುಚ್ಚಿ ತಾನೇ ಪ್ರಶ್ನೆ ಕೇಳಿಕೊಳ್ಳೋ ಅಭ್ಯಾಸ ಮಾಡಿಸಿ. ರೋಡಿಗರ್, ಕಾರ್ಪಿಕ್ ಅನ್ನೋ ಮನಶ್ಶಾಸ್ತ್ರಜ್ಞರು 2006ರಲ್ಲಿ ತೋರಿಸಿದ್ದು ಇದನ್ನೇ: ಮತ್ತೆ ಓದಿದವರಿಗಿಂತ, ನೆನಪಿಸಿಕೊಂಡು ಬರೆದವರಿಗೆ ಒಂದು ವಾರದ ನಂತರ ಹೆಚ್ಚು ನೆನಪಿತ್ತು. ಚಿಕ್ಕ ಚೀಟಿಗಳಲ್ಲಿ ಪ್ರಶ್ನೆ ಬರೆದು ಬ್ಯಾಗ್‌ನಲ್ಲಿ ಇಟ್ಟರೆ ಬಸ್ಸಿನಲ್ಲೂ ಆಗುತ್ತೆ. ರಾತ್ರಿ ಒಂದು ಗಂಟೆ ಉಳಿಯುತ್ತೆ, ಆ ಗಂಟೆಯನ್ನ ನಿದ್ದೆಗೇ ಕೊಡಿ.

ಲೇನ್_ಐದು
ಸ್ವಲ್ಪ ದಿನ ಬಿಟ್ಟು ಬರೀತಿದ್ದೀನಿ, ಕ್ಷಮಿಸಿ.

ಗ್ರೌಂಡ್‌ನಲ್ಲಿ ಕೋಚ್ ಜೊತೆ ಮಾತಾಡಿದೆ, ಅವರು ಬೇಜಾರು ಮಾಡ್ಕೊಳ್ಳಲಿಲ್ಲ, ಅವರೇ ತಕ್ಕಡಿ ತಂದ್ರು. ತಂಗಿ ಒಂದೊಂದೇ ಹರ್ಡಲ್ ಎಳೆದು ಅಳೆದಳು. ಅವಳು ಬಿದ್ದ ಸಾಲಿನ ಹರ್ಡಲ್‌ಗಳ ತೂಕ ಪೂರ್ತಿ ಹೊರ ತುದಿಯಲ್ಲಿತ್ತು, ಮುಳ್ಳು ಐದೂವರೆ ಹತ್ತಿರ ಹೋಯ್ತು. ಮೇಷ್ಟ್ರ ಲೆಕ್ಕಕ್ಕೆ ಸರಿಯಾಗಿ ಹೊಂದಿದ್ದು ನೋಡಿ ಅವಳ ಮುಖ ಅರಳಿದ್ದನ್ನ ನೀವು ನೋಡಬೇಕಿತ್ತು. ಕೂಡಲೇ ಎಲ್ಲದರ ತೂಕ ಸರಿಸಿದ್ರು. ಆಮೇಲೆ ಅವಳು ಒಂದು ಹರ್ಡಲ್ ಮುಂದೆ ನಿಂತು ಮಂಡಿಯಿಂದ ಮೆಲ್ಲಗೆ ನೂಕಿದಳು, ಅದು ಬಿತ್ತು. ಎತ್ತಿ ನಿಲ್ಲಿಸಿದಳು, ಮತ್ತೆ ನೂಕಿದಳು. ಬಹಳ ಹೊತ್ತು ಅದನ್ನೇ ಮಾಡ್ತಿದ್ದಳು, ಕೋಚ್ ತಡೀಲಿಲ್ಲ.

ಈಗ ಗೆರೆ, ಸ್ಪಂಜು ಮುಗಿದು ಕಡಿಮೆ ಎತ್ತರದ ಎರಡು ಹರ್ಡಲ್ ದಾಟ್ತಿದ್ದಾಳೆ. ಪೂರ್ತಿ ಎತ್ತರಕ್ಕೆ ಇನ್ನೂ ಹೋಗಿಲ್ಲ. ಒಂದೊಂದು ದಿನ ಈಗಲೂ ಪಕ್ಕಕ್ಕೆ ಸರೀತಾಳೆ, ಆಗ ಒಂದು ಹಂತ ಕೆಳಗಿಳಿಸ್ತಾರೆ. ಟ್ಯೂಷನ್‌ನ ಗಣಿತಕ್ಕೆ ಮಾತ್ರ ಉಳಿಸಿಕೊಂಡ್ವಿ, ಮಲಗೋದು ಹತ್ತಕ್ಕೆ ಬಂದಿದೆ, ಬೆಳಗಿನ ಅಲಾರಾಂ ಆರೂವರೆಗೆ. ಅಪ್ಪ ಪೂರ್ತಿ ಒಪ್ಪಿಲ್ಲ. ಪರೀಕ್ಷೆ ಮುಗಿಯೋವರೆಗೂ ಸ್ಪರ್ಧೆ ಬೇಡ, ಪ್ರಾಕ್ಟೀಸ್ ಮಾಡಲಿ ಅಂದಿದ್ದಾರೆ. ತಂಗಿ ಅದಕ್ಕೆ ಸರಿ ಅಂದಳು, ನಿಜ ಹೇಳಬೇಕಂದ್ರೆ ಅವಳಿಗೂ ಅದರಿಂದ ಹಗುರಾಯ್ತು ಅನ್ನಿಸುತ್ತೆ.

ಹಳೇ_ಗ್ರೌಂಡ್
ಓದಿ ಸಂತೋಷವಾಯ್ತಮ್ಮ. ನಿಮ್ಮ ತಂದೆಯವರನ್ನ ಒಂದು ಸಲ ಗ್ರೌಂಡಿಗೆ ಕರ್ಕೊಂಡು ಹೋಗಿ. ಬೀಳೋದನ್ನ ಮಾತ್ರ ನೋಡಿದ್ದಾರೆ ಅವರು.

ಕೋಲುಜಿಗಿತ
ಅಕ್ಕಾ, ಪಕ್ಕಕ್ಕೆ ಸರಿದ ದಿನ ಅವಳನ್ನ ಏನೂ ಕೇಳಬೇಡಿ. ಮನೆಗೆ ಬರೋವಾಗ ಬೇರೆ ಏನಾದ್ರೂ ಮಾತಾಡಿ. ನನಗೆ ಅದು ತುಂಬಾ ಬೇಕಾಗ್ತಿತ್ತು.

ಮನದಮಾತು
ಇದನ್ನ ಎಲ್ಲ ಹೆತ್ತವರೂ ಓದಬೇಕು.

ಅಳತೆಗೋಲು
ಐದೂವರೆ ಕಿಲೋ ಅಂದ್ರೆ 54 ನ್ಯೂಟನ್. ನೋಟ್‌ಬುಕ್‌ನಲ್ಲಿ ಹಾಗೇ ಬರೆಯಲಿ.

ಲೇನ್_ಐದು
ಬರೆದಿದ್ದಾಳೆ! @ಮೂರು_ಹೆಜ್ಜೆ ಇನ್ನೊಂದು ಪ್ರಶ್ನೆ, ಅವಳೇ ಕೇಳು ಅಂದಳು. ಮೊದಲನೇ ಹರ್ಡಲ್‌ಗೆ ಎಂಟರ ಬದಲು ಏಳು ಹೆಜ್ಜೆಯಲ್ಲಿ ಹೋದ್ರೆ ಭಯ ಪಡೋಕೆ ಸಮಯ ಕಡಿಮೆ ಸಿಗುತ್ತಲ್ವಾ ಅಂತ.

ಮೂರು_ಹೆಜ್ಜೆ
ಪ್ರಶ್ನೆ ಬಂತು ಅಂದ್ರೆ ಅವಳ ತಲೆ ಮತ್ತೆ ಓಟದೊಳಗೆ ಬಂದಿದೆ, ಬಹಳ ಖುಷಿ. ಆದರೆ ಈಗ ಬೇಡ. 13 ಮೀಟರ್‌ಗೆ ಏಳು ಹೆಜ್ಜೆ ಅಂದ್ರೆ ಪ್ರತಿ ಹೆಜ್ಜೆ ಉದ್ದ ಆಗಬೇಕು, ಅದಕ್ಕೆ ಕಾಲಲ್ಲಿ ಇನ್ನೂ ಶಕ್ತಿ ಬೇಕು. ಬ್ಲಾಕ್‌ನಲ್ಲಿ ಮುಂದಿಡೋ ಕಾಲೂ ಬದಲಾಗುತ್ತೆ, ಅಂದ್ರೆ ಸ್ಟಾರ್ಟನ್ನೇ ಹೊಸದಾಗಿ ಕಲಿಯಬೇಕು. ಒಟ್ಟಿಗೆ ಎರಡು ಹೊಸದು ಬೇಡ. ಎಂಟರಲ್ಲೇ ಇರಲಿ, ಎತ್ತರ 76.2ಕ್ಕೆ ಬಂದು ಅಲ್ಲಿ ನೆಲೆ ನಿಂತ ಮೇಲೆ ಇಲ್ಲೇ ಬಂದು ಕೇಳಲಿ. ಅಲ್ಲೀವರೆಗೆ ಮೊದಲ ನಾಲ್ಕು ಹೆಜ್ಜೆಯನ್ನ ಮೊಬೈಲ್‌ನಲ್ಲಿ ಪಕ್ಕದಿಂದ ಚಿತ್ರೀಕರಿಸಿ ಕಳಿಸಿ. ಹೆಜ್ಜೆ ಕುಗ್ಗೋಕೆ ಎಲ್ಲಿ ಶುರುವಾಗುತ್ತೆ ಅಂತ ಅದರಲ್ಲೇ ಗೊತ್ತಾಗುತ್ತೆ.